ಕರೆಂಟ್ ತೆಗೆದ ನೀರು: ಕಲ್ಮಲಾ ಕಾಲುವೆಯಿಂದ ಸತ್ಲೆಜ್ ಕಣಿವೆಯವರೆಗೆ

"ಕರೆಂಟ್ ತಗದ ನೀರಾಗ ಕಸುವು ಇರಂಗಿಲ್ಲ." ಕಾಲುವೆ ನೀರಿನ ಮೇಲೆ ಭತ್ತ ಬೆಳೆಯುವ ನಮ್ಮ ಭಾಗದ ಹಿರಿಯ ರೈತರ ಬಾಯಲ್ಲಿ ಈ ಮಾತು ಈಗಲೂ ಕೇಳಿಬರುತ್ತದೆ. ಮುನಿರಾಬಾದಿನ ವಿದ್ಯುದಾಗಾರದಲ್ಲಿ ಟರ್ಬೈನ್ ತಿರುಗಿಸಿದ ನೀರೇ ತುಂಗಭದ್ರಾ ಎಡದಂಡೆ ಕಾಲುವೆಗೆ ಇಳಿಯುತ್ತದೆ. ಏನನ್ನೋ ತೆಗೆದುಕೊಂಡ ಮೇಲೆ ಏನೋ ಕಡಿಮೆಯಾಗಿರಲೇಬೇಕು ಎಂದು ಅನ್ನಿಸುವುದು ಸಹಜ. ಪ್ರಶ್ನೆ ಸರಿಯಾಗಿಯೇ ಇದೆ, ಆದ್ದರಿಂದ ನೇರ ಉತ್ತರ ಕೊಡಬೇಕು.

ಟರ್ಬೈನ್ ನೀರಿನಿಂದ ತೆಗೆದುಕೊಳ್ಳುವುದು ಅದರ ಬೀಳುವ ರಭಸವನ್ನು ಮಾತ್ರ. ಉಪ್ಪು, ಖನಿಜ, ಕರಗಿದ ಗೊಬ್ಬರದ ಅಂಶ ಯಾವುದನ್ನೂ ಅದು ಮುಟ್ಟುವುದಿಲ್ಲ. ಟರ್ಬೈನ್ ಇಲ್ಲದಿದ್ದರೆ ಆ ರಭಸ ಎಲ್ಲಿ ಹೋಗುತ್ತಿತ್ತು? ನೀರು ಕೆಳಗೆ ಬಿದ್ದು, ನೊರೆಯೆದ್ದು, ಕಲ್ಲಿಗೆ ಬಡಿದು, ಕೊನೆಗೆ ತುಸು ಬಿಸಿಯಾಗುತ್ತಿತ್ತು. ಎಷ್ಟು ಬಿಸಿ ಎಂದು ಲೆಕ್ಕ ಹಾಕಬಹುದು: 20 ಮೀಟರ್ ಎತ್ತರದಿಂದ ಬಿದ್ದ ನೀರು ಒಂದು ಡಿಗ್ರಿ ಸೆಲ್ಸಿಯಸ್‌ನ ಇಪ್ಪತ್ತನೇ ಒಂದು ಭಾಗದಷ್ಟೂ ಬಿಸಿಯಾಗುವುದಿಲ್ಲ. ಕರೆಂಟ್ ತೆಗೆದ ನೀರಿಗೂ ತೆಗೆಯದ ನೀರಿಗೂ ಇರುವ ವ್ಯತ್ಯಾಸ ಅಷ್ಟೇ. ಭತ್ತದ ಬೇರಿಗೆ ಅದು ಗೊತ್ತೇ ಆಗುವುದಿಲ್ಲ.

ಹಾಗಾದರೆ ಜಲವಿದ್ಯುತ್ತಿನಿಂದ ನೀರಿಗೆ ಏನೂ ಆಗುವುದಿಲ್ಲವೇ? ನೀರಿಗೆ ಆಗುವುದಿಲ್ಲ, ನದಿಗೆ ಆಗುತ್ತದೆ. ಈ ಎರಡರ ನಡುವಿನ ಅಂತರ ಅರ್ಥವಾಗಬೇಕಾದರೆ ಹಿಮಾಲಯದ ಕಣಿವೆಗಳಲ್ಲಿ ಕಟ್ಟುವ 'ರನ್ ಆಫ್ ರಿವರ್' ಯೋಜನೆಗಳನ್ನು ನೋಡಬೇಕು. ದೊಡ್ಡ ಜಲಾಶಯ ಕಟ್ಟದೆ, ನದಿ ಹರಿದಂತೆ ಹರಿದಂತೆ ಕರೆಂಟ್ ತೆಗೆಯುವ ಪದ್ಧತಿ ಅದು. ಡ್ಯಾಂ ಎಂದರೆ ಟಿ.ಬಿ. ಡ್ಯಾಂ ಎಂದು ಬೆಳೆದ ನಮಗೆ ಈ ಪದ್ಧತಿ ಅಷ್ಟು ಪರಿಚಿತವಲ್ಲ. ಆದರೆ ಅದರ ಸಣ್ಣ ತಮ್ಮಂದಿರು ನಮ್ಮ ಕಾಲುವೆಯ ಮೇಲೇ ಇದ್ದಾರೆ.

ಮೊದಲು ಒಂದು ಲೆಕ್ಕ. ಜಲವಿದ್ಯುತ್ತಿನಲ್ಲಿ ಇರುವುದು ಎರಡೇ ಸಂಗತಿ: ಎಷ್ಟು ನೀರು, ಎಷ್ಟು ಎತ್ತರದಿಂದ. ಒಂದು ಟನ್ ನೀರು ಅಂದರೆ ಒಂದು ಘನ ಮೀಟರ್, ಸಾವಿರ ಲೀಟರ್. ಇಂಥ 367 ಟನ್ ನೀರು ಒಂದು ಮೀಟರ್ ಕೆಳಗಿಳಿದರೆ ಒಂದು ಯೂನಿಟ್ ಕರೆಂಟಿನಷ್ಟು ಶಕ್ತಿ. ಯಂತ್ರದಲ್ಲಿ, ಕೊಳವೆಯಲ್ಲಿ ಆಗುವ ನಷ್ಟವನ್ನು ಶೇಕಡ 15 ಎಂದು ಹಿಡಿದರೆ ಸುಮಾರು 430 ಟನ್ ಬೇಕು. ಎತ್ತರ ಹೆಚ್ಚಿದಂತೆ ಬೇಕಾಗುವ ನೀರು ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನಾಲ್ಕು ಮೀಟರ್ ಬೀಳುವಲ್ಲಿ ಒಂದು ಯೂನಿಟ್‌ಗೆ 108 ಟನ್, ಇಪ್ಪತ್ತು ಮೀಟರ್ ಬೀಳುವಲ್ಲಿ 22 ಟನ್, ನಾನೂರ ಮೂವತ್ತು ಮೀಟರ್ ಬೀಳುವಲ್ಲಿ ಒಂದೇ ಒಂದು ಟನ್. ಮನೆಯ ಮಾಳಿಗೆಯ ಮೇಲಿನ ಸಾವಿರ ಲೀಟರ್ ಟ್ಯಾಂಕಿನಷ್ಟು ನೀರಿಗೆ ಒಂದು ಯೂನಿಟ್!

ಈ ಎತ್ತರ ನಮ್ಮಲ್ಲಿ ಇಲ್ಲ. ತುಂಗಭದ್ರಾ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,633 ಅಡಿ. ಅಲ್ಲಿಂದ ಕೊಪ್ಪಳ, ಬಳ್ಳಾರಿ, ರಾಯಚೂರು ದಾಟಿ, ಕರ್ನೂಲಿನ ಆಚೆ ಕೃಷ್ಣೆಯನ್ನು ಸೇರಿ ನೀರು ಶ್ರೀಶೈಲಕ್ಕೆ ಹೋಗುತ್ತದೆ. ಶ್ರೀಶೈಲದ ತುಂಬಿದ ಮಟ್ಟ 885 ಅಡಿ. ಮೂರು ಜಿಲ್ಲೆ, ಎರಡು ರಾಜ್ಯ ದಾಟುವಷ್ಟರಲ್ಲಿ ನದಿ ಇಳಿಯುವುದು 748 ಅಡಿ. ಹಿಮಾಚಲ ಪ್ರದೇಶದ ಸತ್ಲೆಜ್ ನದಿಯ ಮೇಲಿರುವ ನಾಥಪಾ ಝಾಕ್ರಿ ಯೋಜನೆಯಲ್ಲಿ ನೀರು ಬೀಳುವ ಎತ್ತರವೇ 428 ಮೀಟರ್, ಅಂದರೆ 1,400 ಅಡಿಯ ಮೇಲೆ. ಅದೂ ಸುಮಾರು 27 ಕಿಲೋಮೀಟರ್ ದೂರದಲ್ಲಿ. ನಮ್ಮ ಬಯಲು ನಾಡಿನಲ್ಲಿ ನೀರು ಹೇರಳ, ಎತ್ತರ ಕಡಿಮೆ. ಬೆಟ್ಟದ ಕಣಿವೆಯಲ್ಲಿ ಎತ್ತರವೇ ಬಂಡವಾಳ. ಜಲಾಶಯ ಕಟ್ಟಿ ಎತ್ತರ ಹುಟ್ಟಿಸಿಕೊಳ್ಳುವ ಕೆಲಸ ಅಲ್ಲಿ ಬೇಕಿಲ್ಲ. ಬೆಟ್ಟವೇ ಅದನ್ನು ಕೊಟ್ಟಿರುತ್ತದೆ.

ನಮ್ಮ ಟಿಎಂಸಿ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಟಿಎಂಸಿ ನೀರು 20 ಮೀಟರ್ ಬಿದ್ದರೆ ಸುಮಾರು 13 ಲಕ್ಷ ಯೂನಿಟ್. ಅದೇ ಒಂದು ಟಿಎಂಸಿ ನಾಥಪಾದಿಂದ ಝಾಕ್ರಿಗೆ ಬಿದ್ದರೆ ಸುಮಾರು 2.8 ಕೋಟಿ ಯೂನಿಟ್.

ಈಗ ನಮ್ಮ ಕಾಲುವೆಗೆ ಬರೋಣ. ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ. ನೆಲದ ಇಳಿಜಾರು ಕಾಲುವೆ ತಡೆದುಕೊಳ್ಳುವ ಇಳಿಜಾರಿಗಿಂತ ಹೆಚ್ಚಿದ್ದಲ್ಲಿ ಎಂಜಿನಿಯರುಗಳು ಕಾಲುವೆಯನ್ನು ಒಮ್ಮೆಲೇ ಮೆಟ್ಟಿಲಿನಂತೆ ಇಳಿಸುತ್ತಾರೆ. ಇದಕ್ಕೆ ಡ್ರಾಪ್ ಎನ್ನುತ್ತಾರೆ. ನೀರು ಬಿಟ್ಟ ದಿನಗಳಲ್ಲಿ ಇಂಥ ಒಂದು ಡ್ರಾಪ್ ಹತ್ತಿರ ನಿಂತು ನೋಡಿ. ಮೇಲಿನ ಕಡೆ ನೀರು ಕೆಂಪಗೆ, ಸದ್ದಿಲ್ಲದೆ, ಎಣ್ಣೆ ಸುರಿದಂತೆ ನುಣ್ಣಗೆ ಬರುತ್ತದೆ. ಅಂಚು ದಾಟಿದ್ದೇ ತಡ ಬೆಳ್ಳಗೆ ಒಡೆದು ಹೋಗುತ್ತದೆ. ಕೆಳಗೆ ಕಾಂಕ್ರೀಟಿನ ಗುಂಡಿ, ಅದರೊಳಗೆ ಹಲ್ಲಿನಂತೆ ಎದ್ದು ನಿಂತ ಕಾಂಕ್ರೀಟ್ ದಿಂಡುಗಳು. ನೀರು ಅವುಗಳಿಗೆ ಬಡಿದು ಹಿಂದಕ್ಕೆ ಉರುಳಿ, ತನ್ನ ಮೇಲೇ ಬಿದ್ದು, ಹತ್ತಿಪ್ಪತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಸುಮ್ಮನಾಗುತ್ತದೆ. ಆ ದಿಂಡುಗಳನ್ನು ಇಟ್ಟಿರುವುದೇ ನೀರಿನ ರಭಸವನ್ನು ಕೊಲ್ಲಲು. ಇಲ್ಲದಿದ್ದರೆ ಅದು ಕಾಲುವೆಯ ತಳವನ್ನೇ ಕಿತ್ತು ತಿನ್ನುತ್ತದೆ.

ಎಂದರೆ ನಾವು ದುಡ್ಡು ಕೊಟ್ಟು, ಕಾಂಕ್ರೀಟ್ ಹಾಕಿ, ಶಕ್ತಿಯನ್ನು ನೊರೆಯಾಗಿ ಕಳೆಯುತ್ತಿದ್ದೇವೆ. ಅದೇ ಜಾಗದಲ್ಲಿ ಒಂದು ಟರ್ಬೈನ್ ಇಟ್ಟರೆ ರಭಸವೂ ಇಳಿಯುತ್ತದೆ, ಕರೆಂಟೂ ಸಿಗುತ್ತದೆ. ಈ ಯೋಚನೆಯಿಂದಲೇ ಎಡದಂಡೆ ಕಾಲುವೆಯ ಮೇಲೆ ಕಿರು ಜಲವಿದ್ಯುತ್ ಘಟಕಗಳು ಬಂದವು. ಕೊಪ್ಪಳ ಜಿಲ್ಲೆಯ ಶಿವಪುರದಲ್ಲಿ 18 ಮೆಗಾವ್ಯಾಟ್, ಮಲ್ಲಾಪುರದಲ್ಲಿ 9 ಮೆಗಾವ್ಯಾಟ್, ರಾಯಚೂರು ಜಿಲ್ಲೆಯ ಸಿರವಾರದಲ್ಲಿ 1 ಮೆಗಾವ್ಯಾಟ್, ಕಲ್ಮಲಾದಲ್ಲಿ 400 ಕಿಲೋವ್ಯಾಟ್, ಗಣೇಕಲ್‌ನಲ್ಲಿ 350 ಕಿಲೋವ್ಯಾಟ್ ಸಾಮರ್ಥ್ಯ. ಕಾಲುವೆಯ ತಲೆಯಿಂದ ಬಾಲದ ಕಡೆಗೆ ಹೋದಂತೆ ಅಂಕಿ ಕುಗ್ಗುವುದನ್ನು ಗಮನಿಸಿ. ನೀರು ಕುಗ್ಗುತ್ತದೆ, ಕರೆಂಟೂ ಕುಗ್ಗುತ್ತದೆ. "69ನೇ ಮೈಲಿನ ಗೇಜ್ (ಕಾಲುವೆಯ ನೀರಿನ ಮಟ್ಟ) ಎಷ್ಟಿದೆ" ಎಂದು ಕೇಳುತ್ತ ಕಾಯುವ ಮಾನ್ವಿ, ಸಿರವಾರದ ಕೊನೆ ಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಘಟಕಗಳಿಗೆ ತಮ್ಮದೇ ನೀರಿಲ್ಲ. ಯಾವಾಗ ಎಷ್ಟು ಬಿಡಬೇಕು ಎಂಬುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಬೆಳೆ ನೋಡಿಕೊಂಡು ತೀರ್ಮಾನವಾಗುತ್ತದೆ. ಕಾಲುವೆ ನಿಂತರೆ ಟರ್ಬೈನ್ ನಿಲ್ಲುತ್ತದೆ. ಬಂದ ನೀರನ್ನು ಬಂದ ಹಾಗೆ ಬಳಸಿ ಮುಂದಕ್ಕೆ ಬಿಡುವ ಈ ಗುಣವೇ ರನ್ ಆಫ್ ರಿವರ್ ಪದ್ಧತಿಯ ಜೀವಾಳ. ಕಾಲುವೆಯಲ್ಲಿ ಸಮಿತಿ ಹೇಳಿದಂತೆ, ಕಣಿವೆಯಲ್ಲಿ ಹಿಮ ಕರಗಿದಂತೆ.

ನಾಥಪಾ ಝಾಕ್ರಿಯನ್ನೇ ಉದಾಹರಣೆಗೆ ಹಿಡಿದು ಕಣಿವೆಯ ಯೋಜನೆಯನ್ನು ಮೇಲಿನಿಂದ ಕೆಳಗೆ ನಡೆದು ನೋಡೋಣ. ನಾಥಪಾ ಎಂಬಲ್ಲಿ ನದಿಗೆ ಅಡ್ಡಲಾಗಿ ಸುಮಾರು 62 ಮೀಟರ್ ಎತ್ತರದ ಕಾಂಕ್ರೀಟ್ ಕಟ್ಟೆ ಇದೆ. ಇದರ ಕೆಲಸ ನೀರು ಕೂಡಿಡುವುದಲ್ಲ, ನೀರನ್ನು ಪಕ್ಕಕ್ಕೆ ತಿರುಗಿಸುವುದು. ಹಂಪಿ, ಆನೆಗೊಂದಿಯ ಬಂಡೆಗಳ ನಡುವೆ ವಿಜಯನಗರ ಕಾಲದವರು ಗಿಡ್ಡನೆಯ ಕಲ್ಲುಕಟ್ಟೆ ಹಾಕಿ ತುರ್ತಾ ಕಾಲುವೆಗೆ ನದಿಯನ್ನು ತಿರುಗಿಸಿದರಲ್ಲ, ಉದ್ದೇಶ ಅದೇ. ಆ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಬಾಳೆ ತೋಟಗಳಿಗೆ ಉಣಿಸುತ್ತದೆ.

ತಿರುಗಿದ ನೀರು ಮೊದಲು ನೆಲದೊಳಗಿನ ನಾಲ್ಕು ದೊಡ್ಡ ಕೋಣೆಗಳಿಗೆ ಹೋಗುತ್ತದೆ. ಅಲ್ಲಿ ಅದರ ವೇಗ ತಗ್ಗಿ ಮರಳು ತಳಕ್ಕೆ ಕೂರುತ್ತದೆ. ಆಮೇಲೆ 27.4 ಕಿಲೋಮೀಟರ್ ಉದ್ದದ ಸುರಂಗ. ವ್ಯಾಸ ಹತ್ತು ಮೀಟರ್, ಮೂರಂತಸ್ತಿನ ಮನೆ ಒಳಗೆ ನಿಲ್ಲುವಷ್ಟು. ಎಡದಂಡೆ ಕಾಲುವೆಯ ಪಾಪಯ್ಯ ಟನಲ್ ನೋಡಿದವರಿಗೆ ಬೆಟ್ಟದೊಳಗೆ ನೀರು ಹರಿಸುವುದು ಹೊಸದೇನಲ್ಲ. ಇಲ್ಲಿ ಗಾತ್ರ ಮತ್ತು ಉದ್ದ ಬೇರೆ. ಸುರಂಗ ಬಹಳ ಕಡಿಮೆ ಇಳಿಜಾರಿನಲ್ಲಿ ಸಾಗುತ್ತದೆ. ಹೊರಗೆ ನದಿ ಮಾತ್ರ ಕಡಿದಾಗಿ ಇಳಿಯುತ್ತ ಹೋಗುತ್ತದೆ. ಹೀಗಾಗಿ ಸುರಂಗದ ಆ ತುದಿ ತಲುಪುವಾಗ ಒಳಗಿನ ನೀರು ನದಿಗಿಂತ ನಾನೂರು ಮೀಟರ್ ಮೇಲಿರುತ್ತದೆ. ಎತ್ತರ 'ಹುಟ್ಟುವುದು' ಹೀಗೆ. ಇಡೀ ಯೋಜನೆಯ ಜಾಣತನ ಈ ಒಂದು ಸಂಗತಿಯಲ್ಲಿದೆ ಎಂಬುದು ನನ್ನ ಎಣಿಕೆ.

ಅಲ್ಲಿಂದ ಉಕ್ಕಿನ ದಪ್ಪ ಕೊಳವೆಗಳಲ್ಲಿ, ಅಂದರೆ ಪೆನ್‌ಸ್ಟಾಕ್‌ಗಳಲ್ಲಿ, ನೀರು ಕೆಳಗೆ ಧುಮುಕುತ್ತದೆ. ಕೊಳವೆಗೂ ಸುರಂಗಕ್ಕೂ ನಡುವೆ ಸರ್ಜ್ ಶಾಫ್ಟ್ ಎಂಬ ನೆಟ್ಟನೆಯ ಬಾವಿ ಇರುತ್ತದೆ. ಗ್ರಿಡ್‌ನಲ್ಲಿ ಏನೋ ದೋಷವಾಗಿ ಟರ್ಬೈನ್ ತಟ್ಟನೆ ಮುಚ್ಚಿತು ಎನ್ನಿ. ಇಪ್ಪತ್ತೇಳು ಕಿಲೋಮೀಟರ್ ಉದ್ದದ ನೀರಿನ ಸಾಲು ಚಲಿಸುತ್ತಲೇ ಇರುತ್ತದೆ, ಅದನ್ನು ಹಾಗೆ ನಿಲ್ಲಿಸಿದರೆ ಕೊಳವೆ ಸೀಳುತ್ತದೆ. ಈ ಬಾವಿಯಲ್ಲಿ ನೀರು ಮೇಲೇರಿ, ಇಳಿದು, ತೂಗಾಡಿ ಶಾಂತವಾಗುತ್ತದೆ. ಕೆಳಗೆ ನೆಲದೊಳಗಿನ ವಿದ್ಯುದಾಗಾರದಲ್ಲಿ 250 ಮೆಗಾವ್ಯಾಟಿನ ಆರು ಯಂತ್ರಗಳು, ಒಟ್ಟು 1,500 ಮೆಗಾವ್ಯಾಟ್. ಶಕ್ತಿನಗರದ ಕಲ್ಲಿದ್ದಲು ಸ್ಥಾವರ ಆರ್‌ಟಿಪಿಎಸ್‌ನ 1,720 ಮೆಗಾವ್ಯಾಟ್‌ಗೆ ಹತ್ತಿರ. ಆರೂ ಪೂರ್ತಿ ಓಡುವಾಗ ಸೆಕೆಂಡಿಗೆ ಸುಮಾರು 405 ಘನ ಮೀಟರ್, ಅಂದರೆ 14,300 ಕ್ಯೂಸೆಕ್ ನೀರು ಬೇಕು. ನಮ್ಮ ಎಡದಂಡೆ ಕಾಲುವೆಗೆ ಬಿಡುವ ನಾಲ್ಕು ಸಾವಿರ ಚಿಲ್ಲರೆ ಕ್ಯೂಸೆಕ್‌ನ ಮೂರು ಪಟ್ಟಿಗೂ ಹೆಚ್ಚು. ಕೆಲಸ ಮುಗಿದ ನೀರು ಝಾಕ್ರಿಯಲ್ಲಿ ಹೊರಬರುತ್ತದೆ.

ಕಲ್ಲಿದ್ದಲು ಸುಡಬೇಕಿಲ್ಲ, ಬೂದಿ ಹಾರುವುದಿಲ್ಲ. ಶಕ್ತಿನಗರ, ಕುಡತಿನಿ, ಯರಮರಸ್‌ಗಳ ಹೊಗೆ ಮತ್ತು ಬೂದಿಯನ್ನು ದಿನಾ ನೋಡುವ ನಮ್ಮ ಜಿಲ್ಲೆಗಳ ಜನಕ್ಕೆ ಇದರ ಬೆಲೆ ಗೊತ್ತು. ಸಾವಿರಾರು ಎಕರೆ ಮುಳುಗುವುದೂ ಇಲ್ಲ. ತುಂಗಭದ್ರೆ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮನೆತನಗಳು ಇನ್ನೂ ನಮ್ಮ ನಡುವೆ ಇರುವಾಗ ಇದೂ ಸಣ್ಣ ಮಾತಲ್ಲ.

ಆದರೆ ಈ ಪದ್ಧತಿಗೆ ಹಗೇವು ಇಲ್ಲ. ಸುಗ್ಗಿಯಲ್ಲಿ ಬಂದ ಜೋಳವನ್ನು ಹಗೇವಿನಲ್ಲಿ ತುಂಬಿ ಬೇಸಿಗೆಗೆ ತೆಗೆದಂತೆ ಟಿ.ಬಿ. ಡ್ಯಾಂ ಮಳೆಗಾಲದ ನೀರನ್ನು ಹಿಡಿದಿಡುತ್ತದೆ. ಹೂಳು ತುಂಬಿ ಅದರ ಸಾಮರ್ಥ್ಯ ಈಗ 105 ಟಿಎಂಸಿಗೆ ಇಳಿದಿದ್ದರೂ ಅದು ದೊಡ್ಡ ದಾಸ್ತಾನೇ. ನಾಥಪಾ ಕಟ್ಟೆಯ ಹಿಂದೆ ನಿಲ್ಲುವುದು ಸುಮಾರು 34 ಲಕ್ಷ ಘನ ಮೀಟರ್, ಅಂದರೆ 0.12 ಟಿಎಂಸಿ. ಆರು ಯಂತ್ರಗಳೂ ಓಡಿದರೆ ಅಷ್ಟನ್ನೂ ಎರಡೂವರೆ ಗಂಟೆಯೊಳಗೆ ಕುಡಿದು ಮುಗಿಸುತ್ತವೆ. ಬೇಸಿಗೆಯಲ್ಲಿ ಹಿಮ ಕರಗಿ, ಮಳೆಯೂ ಸೇರಿದಾಗ ದಿನಕ್ಕೆ 3.6 ಕೋಟಿ ಯೂನಿಟ್ ಬರುತ್ತದೆ. ಚಳಿಗಾಲದಲ್ಲಿ ಮೇಲೆ ಹಿಮ ಗಟ್ಟಿಯಾಗಿ ಕೂತಾಗ ನದಿ ಸೊರಗುತ್ತದೆ, ಯಂತ್ರಗಳು ಸರದಿಯಂತೆ ನಿಲ್ಲುತ್ತವೆ.

ನಮ್ಮ ರಾಜ್ಯಕ್ಕೆ ಈ ಪಾಠ ನೂರು ವರ್ಷಕ್ಕೂ ಹಿಂದೆಯೇ ಆಗಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕಳಿಸಿದರು. ಅಲ್ಲಿದ್ದುದೂ ಹರಿವನ್ನೇ ನಂಬಿದ ಘಟಕ. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಗೆ ಕರೆಂಟ್ ಸಾಲದು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಹಿಂದೆ ನೀರಾವರಿಯ ಜೊತೆಗೆ ಈ ಕಾರಣವೂ ಇತ್ತು: ಮೇಲೆ ನೀರು ಹಿಡಿದು ಶಿವನಸಮುದ್ರಕ್ಕೆ ವರ್ಷವಿಡೀ ಹದವಾಗಿ ಬಿಡುವುದು.

ಇನ್ನು ನದಿಯ ಸಂಗತಿ. ನಾಥಪಾದಲ್ಲಿ ಒಳಹೊಕ್ಕ ನೀರು ಝಾಕ್ರಿಯಲ್ಲಿ ಹೊರಬರುತ್ತದೆ ಎಂದೆವು. ನಡುವಿನ ನದಿಯ ಗತಿ ಏನು? ಮಳೆಗಾಲದಲ್ಲಿ ನೀರು ಉಕ್ಕಿ ಕಟ್ಟೆ ದಾಟಿ ಹರಿಯುವುದರಿಂದ ತೊಂದರೆ ಕಾಣುವುದಿಲ್ಲ. ಚಳಿಗಾಲದಲ್ಲಿ ಬರುವ ಅಷ್ಟಿಷ್ಟನ್ನೂ ಸುರಂಗವೇ ಎಳೆದುಕೊಂಡರೆ ಹೊರಗೆ ಉಳಿಯುವುದು ಬಿಸಿಲಿಗೆ ಬೆಳ್ಳಗಾದ ಗುಂಡುಕಲ್ಲು, ಅಲ್ಲಲ್ಲಿ ನಿಂತ ಹೊಂಡ. ಏಪ್ರಿಲ್ ತಿಂಗಳಲ್ಲಿ ಆನೆಗೊಂದಿಯ ಕಡೆ ಬಂಡೆಗಳ ನಡುವೆ ತುಂಗಭದ್ರೆಯನ್ನು ನೋಡಿದವರಿಗೆ ಈ ನೋಟ ಹೊಸದಲ್ಲ. ಮೀನಿಗೆ ಮೇಲೆ ಹೋಗುವ ದಾರಿ ಇಲ್ಲ. ದಡದ ಊರುಗಳ ಒರತೆ, ಹಿಟ್ಟು ಬೀಸುವ ನೀರಿನ ಗಿರಣಿ, ಶವಸಂಸ್ಕಾರದ ಘಟ್ಟ ಎಲ್ಲದಕ್ಕೂ ಪೆಟ್ಟು.

ಒಂದೇ ಯೋಜನೆಯಾಗಿದ್ದರೆ ಒಂದು ತುಂಡು ನದಿ ಎನ್ನಬಹುದಿತ್ತು. ಸತ್ಲೆಜ್‌ನಲ್ಲಿ ಕರ್ಛಾಂನಿಂದ ವಾಂಗ್ಟುವರೆಗೆ ಸುಮಾರು 17 ಕಿಲೋಮೀಟರ್ ಸುರಂಗದ, 1,000 ಮೆಗಾವ್ಯಾಟಿಗೆಂದು ಕಟ್ಟಿದ ಯೋಜನೆ. ಅದರ ಕೆಳಗೇ ನಾಥಪಾ. ಝಾಕ್ರಿಯಲ್ಲಿ ಹೊರಬಂದ ನೀರನ್ನು ನದಿಯ ಪಾತ್ರಕ್ಕೆ ಬಿಡುವ ಮೊದಲೇ ಹಿಡಿದು ಇನ್ನೊಂದು 15 ಕಿಲೋಮೀಟರ್ ಸುರಂಗಕ್ಕೆ ಕಳಿಸುವ 412 ಮೆಗಾವ್ಯಾಟಿನ ರಾಂಪುರ ಯೋಜನೆ. ಮೂರೂ ಸೇರಿ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ನದಿಯ ದೊಡ್ಡ ಪಾಲು ಬೆಟ್ಟದೊಳಗೆ ಹರಿಯುತ್ತದೆ. 'ನೀರು ಖರ್ಚಾಗುವುದಿಲ್ಲ' ಎನ್ನುವುದು ನೂರಕ್ಕೆ ನೂರು ನಿಜ. ಒಂದು ಹನಿಯೂ ಕಡಿಮೆಯಾಗದೆ ನದಿ ಮಾತ್ರ ಇಲ್ಲವಾಗಬಹುದು ಎನ್ನುವುದೂ ಅಷ್ಟೇ ನಿಜ.

ಸುರಂಗ ಕೊರೆಯುವಾಗಲೂ ಅಪಾಯವಿದೆ. 2009ರ ಡಿಸೆಂಬರ್‌ನಲ್ಲಿ ಉತ್ತರಾಖಂಡದ ಜೋಶಿಮಠದ ಬಳಿ ತಪೋವನ ವಿಷ್ಣುಗಡ ಯೋಜನೆಯ ಕೊರೆಯುವ ಯಂತ್ರ ನೆಲದೊಳಗಿನ ಜಲಪದರವನ್ನು ಸೀಳಿತು. ಸೆಕೆಂಡಿಗೆ ನೂರಾರು ಲೀಟರಿನಂತೆ ನೀರು ಒಸರಿತು.

ನದಿ ಹೀಗೆ ಇಲ್ಲವಾಗಬಾರದು ಎಂದೇ ಅದಕ್ಕೆ ಇಷ್ಟು ನೀರು ಬಿಡಲೇಬೇಕು ಎಂಬ ಕಟ್ಟಳೆ ಬಂತು. ಗಂಗೆಯ ಮೇಲ್ಭಾಗಕ್ಕೆ, ಹರಿದ್ವಾರದವರೆಗೆ, ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ನವೆಂಬರಿನಿಂದ ಮಾರ್ಚ್‌ವರೆಗೆ ಸಹಜ ಹರಿವಿನ ಶೇಕಡ 20, ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಶೇಕಡ 25, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇಕಡ 30ರಷ್ಟು ನೀರು ನದಿಯಲ್ಲೇ ಉಳಿಯಬೇಕು. ನನಗೆ ಈ ಅಂಕಿಗಳ ಬಗ್ಗೆ ಒಂದು ತಕರಾರಿದೆ. ಚಳಿಗಾಲದಲ್ಲಿ ನದಿ ಮೊದಲೇ ಬಡವಾಗಿರುತ್ತದೆ. ಆಗಲೇ ಅತಿ ಕಡಿಮೆ ಪಾಲು ಬಿಟ್ಟರೆ ಮೀನು, ಒರತೆಗಳಿಗೆ ದಕ್ಕುವುದು ಬಡವಾದದ್ದರ ಐದನೇ ಒಂದು ಭಾಗ. ನೀರು ಹೆಚ್ಚಿದ್ದಾಗ ಬಿಡುವುದು ಯಾರಿಗೂ ಕಷ್ಟವಲ್ಲ. ಕಡಿಮೆಯಿದ್ದಾಗ ಬಿಡುವುದೇ ಪರೀಕ್ಷೆ. ಹೊಸ ಯೋಜನೆಯ ಸುದ್ದಿ ಓದಿದಾಗ ಮೆಗಾವ್ಯಾಟ್ ಎಷ್ಟು ಎನ್ನುವುದರ ಜೊತೆಗೆ, ಕಟ್ಟೆಯಿಂದ ನೀರು ಹೊರಬರುವ ಜಾಗಕ್ಕೆ ಎಷ್ಟು ದೂರ, ಜನವರಿಯಲ್ಲಿ ಎಷ್ಟು ಬಿಡುತ್ತಾರೆ ಎಂದು ಹುಡುಕಿ ನೋಡಿ. ನದಿಯ ಭವಿಷ್ಯ ಆ ಎರಡು ಅಂಕಿಗಳಲ್ಲಿದೆ.

ಮರಳಿನ ಕಾಟ ಬೇರೆ. ಹಿಮಾಲಯ ಇನ್ನೂ ಸವೆಯುತ್ತಿರುವ ಎಳೆಯ ಬೆಟ್ಟ. ಅದರ ನದಿಗಳು ಹೊತ್ತು ತರುವ ಬೆಣಚುಕಲ್ಲಿನ ಹುಡಿ ಉಕ್ಕಿಗಿಂತ ಗಡಸು. ನಾನೂರು ಮೀಟರ್ ಒತ್ತಡದಲ್ಲಿ ಅದು ಟರ್ಬೈನಿನ ಅಲಗುಗಳನ್ನು ಉಜ್ಜಿ ಉಜ್ಜಿ ಅಂಚನ್ನು ಗರಗಸದಂತೆ ಮಾಡಿಬಿಡುತ್ತದೆ. ಮಳೆಗಾಲದಲ್ಲಿ ರಾಡಿ ಮಿತಿಮೀರಿದಾಗ, ನೀರು ಧಾರಾಳವಾಗಿದ್ದರೂ, ಯಂತ್ರಗಳನ್ನು ನಿಲ್ಲಿಸಬೇಕಾಗುತ್ತದೆ. ನಮ್ಮಲ್ಲಿ ಹೂಳು ಜಲಾಶಯದಲ್ಲಿ ಕೂತು ಜಾಗ ತಿನ್ನುತ್ತದೆ, ಅಲ್ಲಿ ಹರಿದು ಬಂದು ಯಂತ್ರ ತಿನ್ನುತ್ತದೆ.

'ರನ್ ಆಫ್ ರಿವರ್' ಎಂಬ ಹೆಸರು ಕೇಳಿ ದೊಡ್ಡ ಕಟ್ಟೆಯೇ ಇರುವುದಿಲ್ಲ ಎಂದುಕೊಳ್ಳಬಾರದು. ಸಿಕ್ಕಿಮಿನ ತೀಸ್ತಾ-3 ಯೋಜನೆ ಇದೇ ವರ್ಗದ್ದು, 1,200 ಮೆಗಾವ್ಯಾಟ್. ಚುಂಗ್‌ಥಾಂಗ್‌ನಲ್ಲಿದ್ದ ಅದರ 60 ಮೀಟರ್ ಎತ್ತರದ ಅಣೆಕಟ್ಟು 2023ರ ಅಕ್ಟೋಬರ್ 3ರ ನಡುರಾತ್ರಿ ಕಳೆದ ಮೇಲೆ, ಮೇಲಿನ ಲ್ಹೋನಾಕ್ ಹಿಮಸರೋವರ ಒಡೆದು ಬಂದ ಪ್ರವಾಹಕ್ಕೆ ಕೊಚ್ಚಿಹೋಯಿತು. 2021ರ ಫೆಬ್ರುವರಿ 7ರಂದು ಚಮೋಲಿಯಲ್ಲಿ ಬಂಡೆ, ಹಿಮ ಕುಸಿದು ನುಗ್ಗಿದ ಪ್ರವಾಹ ಋಷಿಗಂಗಾ ಘಟಕವನ್ನು ಅಳಿಸಿ, ತಪೋವನದ ಸುರಂಗದಲ್ಲಿದ್ದ ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಚಮೋಲಿಯ ಆ ದುರಂತದಲ್ಲೇ ಸತ್ತವರು, ಕಾಣೆಯಾದವರು ಇನ್ನೂರಕ್ಕೂ ಹೆಚ್ಚು. ನೀರು ಕೂಡಿಡದ ಯೋಜನೆಗೆ ಮೇಲಿನಿಂದ ಬರುವ ಪ್ರವಾಹವನ್ನು ತಡೆದು ನಿಲ್ಲಿಸುವ ಜಾಗವೂ ಇರುವುದಿಲ್ಲ.

ಕೊನೆಯದಾಗಿ, ಕಟ್ಟೆಯ ಹಿಂದೆ ನಿಲ್ಲುವ ಆ ಸಣ್ಣ ಕೊಳದ ಬಳಕೆ. ಎರಡು ಮೂರು ಗಂಟೆಯ ನೀರಾದರೂ ಅದಕ್ಕೆ ಭಾರಿ ಬೆಲೆಯಿದೆ. ಹಗಲು ಸೋಲಾರ್ ಧಾರಾಳವಾಗಿರುತ್ತದೆ. ಸೂರ್ಯ ಮುಳುಗಿದಾಗ ಅದು ನಿಲ್ಲುತ್ತದೆ, ಮನೆಮನೆಯಲ್ಲಿ ದೀಪ, ಫ್ಯಾನು, ಟಿವಿ ಶುರುವಾಗುತ್ತವೆ. ಕಲ್ಲಿದ್ದಲಿನ ಬಾಯ್ಲರ್‌ಗೆ ಬಿಸಿಯೇರಲು ಗಂಟೆಗಟ್ಟಲೆ ಬೇಕು, ನೀರಿನ ಟರ್ಬೈನ್‌ಗೆ ಕೆಲವೇ ನಿಮಿಷ ಸಾಕು. ಆದ್ದರಿಂದ ಕಡಿಮೆ ನೀರಿನ ಕಾಲದಲ್ಲಿ ಹಗಲೆಲ್ಲ ಕೊಳ ತುಂಬಿಸಿ ಸಂಜೆಗೆ ಬಿಡುತ್ತಾರೆ. ಈ ಕೊಳ ಎಷ್ಟಿರಬಹುದು ಎಂಬುದು ಎಷ್ಟು ಸೂಕ್ಷ್ಮ ಎಂದರೆ, ಭಾರತ ಪಾಕಿಸ್ತಾನಗಳ ನಡುವಿನ 1960ರ ಸಿಂಧೂ ಜಲ ಒಪ್ಪಂದದಲ್ಲಿ (2025ರಲ್ಲಿ ಭಾರತ ಇದನ್ನು ತಡೆಹಿಡಿಯಿತು) ಅದಕ್ಕೆ ಮಿತಿ ಹಾಕಲಾಗಿತ್ತು. ಜಮ್ಮುವಿನ ಚೆನಾಬ್ ನದಿಯ ಮೇಲಿನ ಬಗ್ಲಿಹಾರ್ ಯೋಜನೆಯ ಜಗಳ ತಟಸ್ಥ ತಜ್ಞರವರೆಗೆ ಹೋಗಿದ್ದರಲ್ಲಿ ಇದೂ ಒಂದು ವಿಷಯ.

ಹೀಗೆ ಸಂಜೆಗೆ ನೀರು ಬಿಡುವುದರ ಅರ್ಥ ಕೆಳಗೆ ನದಿಯಲ್ಲಿ, ಮಳೆ ಮೋಡ ಯಾವುದೂ ಇಲ್ಲದೆ ನೀರು ಒಮ್ಮೆಲೇ ಏರುತ್ತದೆ. ಕೊಳ ತುಂಬಿ ಗೇಟ್ ತೆಗೆದಾಗಲೂ ಅಷ್ಟೇ. 2014ರ ಜೂನ್ 8ರ ಸಂಜೆ ಹಿಮಾಚಲದ ಬಿಯಾಸ್ ನದಿಯ ಪಾತ್ರದಲ್ಲಿ, ಥಲೌಟ್ ಎಂಬಲ್ಲಿ, ಹೈದರಾಬಾದಿನಿಂದ ಪ್ರವಾಸ ಹೋಗಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂಡೆಗಳ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಮೇಲಿದ್ದ 126 ಮೆಗಾವ್ಯಾಟಿನ ಲಾರ್ಜಿ ಯೋಜನೆಯ ಕಟ್ಟೆಯಿಂದ ನೀರು ಬಿಡಲಾಯಿತು. ನೀರು ಮೊದಲು ಪಾದಕ್ಕೆ, ಮೊಣಕಾಲಿಗೆ, ಆಮೇಲೆ ಎದೆಗೆ ಬಂತು. 24 ವಿದ್ಯಾರ್ಥಿಗಳು ಕೊಚ್ಚಿಹೋದರು.

ತುಂಗಭದ್ರಾ ಡ್ಯಾಂನಿಂದ ನದಿಗೆ ನೀರು ಬಿಡುವ ಮುಂಚೆ ನಮ್ಮಲ್ಲಿ ಡಂಗುರ ಸಾರುತ್ತಾರೆ, ಆನೆಗೊಂದಿಯ ತೆಪ್ಪಗಳನ್ನು ನಿಲ್ಲಿಸುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕಿತ್ತುಹೋದಾಗಲೂ ದಡದ ಊರುಗಳಿಗೆ ಎಚ್ಚರಿಕೆ ಮುಟ್ಟಿತು. ಮಕ್ಕಳನ್ನು ಶಿಮ್ಲಾ, ಮನಾಲಿ ಕಡೆ ಕಾಲೇಜು ಪ್ರವಾಸಕ್ಕೆ ಕಳಿಸುವವರು, ಕರೆದೊಯ್ಯುವ ಮೇಷ್ಟ್ರುಗಳು ಅಲ್ಲಿನ ನದಿಯ ಬಗ್ಗೆ ಇಷ್ಟು ತಿಳಿದಿರಬೇಕು: ನದಿಯಲ್ಲಿ ಕಲ್ಲೇ ಕಲ್ಲು ಕಂಡು, ನೀರು ಸಣ್ಣಗೆ ಹರಿಯುತ್ತಿದ್ದರೆ ಮೇಲೆ ಎಲ್ಲೋ ಒಂದು ಕಟ್ಟೆ ಅದನ್ನು ಹಿಡಿದಿದೆ ಎಂದೇ ತಿಳಿಯಿರಿ. ದಡದ ಬೋರ್ಡ್ ಓದಿಸಿ. ಸೈರನ್ ಕೇಳಿದರೆ ಚಪ್ಪಲಿ, ಬ್ಯಾಗು, ಮೊಬೈಲ್ ಎಂದು ತಡಮಾಡದೆ ಮೇಲೆ ಹತ್ತಿಸಿ. ಸೈರನ್ ಕೇಳದಿದ್ದರೂ ಆ ಪಾತ್ರಕ್ಕೆ ಇಳಿಯಲು ಬಿಡಬೇಡಿ.